ಕೈಗೆ ಕೊಟ್ಟ ಕಬ್ಬಿಣ

ನನ್ನ ತಂಗಿಯ ಬಲಗೈಯಲ್ಲಿ ಎರಡು ಬೆರಳು ಮಡಿಸಲು ಬರುವುದಿಲ್ಲ. ಮೂರ್ಛೆ ರೋಗದಿಂದ ಹಾಗಾಯಿತು ಎಂದು ಊರಿನವರೆಲ್ಲ ಹೇಳುತ್ತಾರೆ. ಅವಳೂ ಹದಿನೈದು ವರ್ಷ ಹಾಗೆಯೇ ನಂಬಿದ್ದಳು. ಆದರೆ ಅದು ಆದದ್ದು ನನ್ನಿಂದ. ಇದನ್ನು ಬರೆಯಲು ಕೂತಾಗಲೆಲ್ಲ ಒಲೆ ಮೇಲೆ ಹಾಲಿದೆ, ಹಸು ಕೂಗುತ್ತಿದೆ, ಬಾಗಿಲಿಗೆ ಯಾರೋ ಬಂದರು ಎಂದು ಏನಾದರೊಂದು ನೆಪ ತೆಗೆದು ಎದ್ದುಹೋಗಿದ್ದೇನೆ. ಇವತ್ತು ಏನೇ ಆಗಲಿ, ಏಳುವುದಿಲ್ಲ.

ನಮ್ಮ ತವರು ದಂಡಿನಶಿವರದಿಂದ ಆಚೆಗೆ ಒಂದು ಸಣ್ಣ ಊರು. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವಳಾದ ತಂಗಿ. ನನ್ನ ಬಾಯಿ ಮೊದಲಿಂದಲೂ ದೊಡ್ಡದು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳದು ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ನಮ್ಮದು ತೆಂಗಿನ ತೋಟ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ನಾರಿನ ಮಟ್ಟೆ ಸುಲಿದು, ಮೇಲಿನ ಚಿಪ್ಪನ್ನು ಸಣ್ಣ ಮಚ್ಚಿನಿಂದ ತಟ್ಟಿ ತಟ್ಟಿ ಬಿಡಿಸಿ, ಒಳಗಿನ ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯಬೇಕು. ನಾನು ಬಿಡಿಸಿದ ನಾಲ್ಕರಲ್ಲಿ ಒಂದಕ್ಕೆ ಮಚ್ಚಿನ ಗೀರು ಬಿದ್ದಿರುತ್ತಿತ್ತು. ಅವಳದಕ್ಕೆ ಹುಡುಕಿದರೂ ಒಂದು ಗೀರು ಸಿಗುತ್ತಿರಲಿಲ್ಲ. ಅವಳ ಕೈಯನ್ನು ಅಪ್ಪ ಎಲ್ಲರೆದುರು ಹೊಗಳುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅವಳಿಗೆ ಎಂಟೊಂಬತ್ತು ವರ್ಷವಿದ್ದಾಗ ಒಂದು ಚಾಳಿ ಶುರುವಾಯಿತು. ಚಾಳಿ ಎಂದು ನಾವು ಅಂದುಕೊಂಡಿದ್ದೆವು. ಮಾತಾಡುತ್ತಾ ಇದ್ದವಳು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿದ್ದಳು. ಕಣ್ಣು ಒಂದೇ ಕಡೆ ನೆಟ್ಟಿರುತ್ತಿತ್ತು, ರೆಪ್ಪೆ ಸಣ್ಣಗೆ ಪಟಪಟ ಅನ್ನುತ್ತಿತ್ತು. ಕೂಗಿದರೆ ಕೇಳಿಸುತ್ತಿರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಏನೂ ಆಗೇ ಇಲ್ಲವೆಂಬಂತೆ ಬಿಟ್ಟಲ್ಲಿಂದ ಮತ್ತೆ ಮಾತು ಮುಂದುವರಿಸುತ್ತಿದ್ದಳು. ಸ್ಕೂಲಿನಲ್ಲಿ ಮೇಷ್ಟ್ರು ಮಂಕು ಹುಡುಗಿ ಎಂದರು. ನಾನು ಅವಳ ತಲೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಎಲ್ಲಿಗೆ ಹೋಗಿದ್ದೆ ಮಹಾರಾಣಿ, ಬಂದೆಯಾ ಎಂದು ಆಡಿಕೊಳ್ಳುತ್ತಿದ್ದೆ. ಎಷ್ಟು ಸಲ ಕುಟ್ಟಿದೆನೋ ಲೆಕ್ಕವಿಲ್ಲ. ಅದೂ ಮೂರ್ಛೆಯದೇ ಒಂದು ಬಗೆ, ಬೀಳದೇ ಬರುವ ಫಿಟ್ಸು ಎಂದು ಗೊತ್ತಾಗುವ ಹೊತ್ತಿಗೆ ನಾನು ಒಂದು ಮಗುವಿನ ತಾಯಿಯಾಗಿದ್ದೆ.

ಬೀಳುವ ಫಿಟ್ಸು ಅವಳಿಗೆ ಹದಿನೈದು ತುಂಬಿದ ವರ್ಷ ಬಂತು. ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಗಂಟಲಿಂದ ಒಂದು ವಿಚಿತ್ರ ಕೂಗು ಬಂತು, ಕರೆದದ್ದೂ ಅಲ್ಲ, ಅತ್ತದ್ದೂ ಅಲ್ಲ. ತಿರುಗಿ ನೋಡುವಷ್ಟರಲ್ಲಿ ದೊಪ್ಪನೆ ಬಿದ್ದಿದ್ದಳು. ಮೈಯೆಲ್ಲ ಹಲಗೆಯಂತೆ ಸೆಟೆದು, ತುಟಿ ನೀಲಿಯಾಗಿ, ಆಮೇಲೆ ಕೈಕಾಲು ಎರಡೂ ಕಡೆ ಒಂದೇ ಸಮ ಜಾಡಿಸತೊಡಗಿದವು. ಬಾಯಲ್ಲಿ ನೊರೆ, ನಾಲಿಗೆ ಕಚ್ಚಿಕೊಂಡು ಅದರಲ್ಲಿ ರಕ್ತ. ಲಂಗ ಒದ್ದೆಯಾಗಿತ್ತು. ಜಾಡಿಸುವುದು ನಿಂತ ಮೇಲೆ ಗೊರಕೆ ಹೊಡೆಯುತ್ತಾ ಮಲಗಿದಳು. ಎದ್ದಾಗ ಪಾತ್ರೆ ಬೆಳಗುತ್ತಿದ್ದೆನಲ್ಲ, ಯಾಕೆ ಮಲಗಿಸಿದ್ದೀರಿ ಎಂದು ಕೇಳಿದಳು. ಅವಳಿಗೆ ಯಾವ ಸಲವೂ ಏನೂ ನೆನಪಿರುತ್ತಿರಲಿಲ್ಲ. ನಾವು ಹೀಗಾಯಿತು ಎಂದರೆ ಹೀಗಾಯಿತು. ನಾವು ಹೇಳಿದ್ದೇ ಅವಳಿಗೆ ನಿಜ.

ನಮ್ಮ ಕಡೆ ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಡುತ್ತಾರೆ. ಯಾಕೆ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಅವ್ವ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಬೀಗದ ಕೈ ಗೊಂಚಲನ್ನು ತೆಗೆದು ಅವಳ ಅಂಗೈಗೆ ತುರುಕುತ್ತಿದ್ದಳು. ಅಕ್ಕಪಕ್ಕದವರು ಬಂದರೆ ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುವುದು, ಇನ್ನೊಬ್ಬರು ಚಪ್ಪಲಿ ಮೂಸಿಸುವುದು, ಮತ್ತೊಬ್ಬರು ಹಲ್ಲಿನ ಸಂದಿಗೆ ಚಮಚ ತೂರಿಸುವುದು. ಹಾಗೆ ತೂರಿಸಲು ಹೋಗಿ ಮುಂದಿನ ಒಂದು ಹಲ್ಲು ಅರ್ಧ ಮುರಿದುಹೋಯಿತು. ಎರಡು ನಿಮಿಷಕ್ಕೋ ಮೂರು ನಿಮಿಷಕ್ಕೋ ಫಿಟ್ಸು ತಾನಾಗಿ ನಿಲ್ಲುತ್ತಿತ್ತು. ಆ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇರುತ್ತಿತ್ತಲ್ಲ, ಅದಕ್ಕೇ ನಿಂತಿತು ಎಂದುಕೊಳ್ಳುತ್ತಿದ್ದೆವು. ಪ್ರತಿ ಸಲವೂ ನಿಂತಿತು, ಪ್ರತಿ ಸಲವೂ ನಮ್ಮ ನಂಬಿಕೆ ಗಟ್ಟಿಯಾಯಿತು.

ಡಾಕ್ಟರಿಗೆ ತೋರಿಸಲಿಲ್ಲ ಎಂದಲ್ಲ. ತಿಪಟೂರಿನಲ್ಲಿ ಒಬ್ಬ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ತಪ್ಪದೆ ನುಂಗಬೇಕು, ಒಂದು ದಿನವೂ ಬಿಡಬಾರದು ಎಂದು ಹೇಳಿ ಕಳಿಸಿದ್ದರು. ಮಾತ್ರೆ ನುಂಗಿದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬರದಿದ್ದರೆ ವಾಸಿಯಾಯಿತು ಎಂದು ನಾವು ಬಿಡಿಸುತ್ತಿದ್ದೆವು. ಜ್ವರದ ಮಾತ್ರೆಯನ್ನು ಜ್ವರ ಬಿಟ್ಟಮೇಲೆ ಯಾರಾದರೂ ನುಂಗುತ್ತಾರಾ ಎಂದು ಅಪ್ಪ ಕೇಳುತ್ತಿದ್ದ. ನಮಗೂ ಅದು ಸರಿಯೆನ್ನಿಸುತ್ತಿತ್ತು.

ತೊಂಬತ್ತರ ಆಚೀಚೆ. ನನಗೆ ಕಂದಿಕೆರೆಯ ಕಡೆ ಗಂಡು ಗೊತ್ತಾಗಿತ್ತು, ಮದುವೆಗೆ ಒಂದು ತಿಂಗಳಿತ್ತು. ಕೊಬ್ಬರಿಯನ್ನು ಮಾರ್ಕೆಟ್ಟಿಗೆ ಹಾಕಬೇಕಿತ್ತು, ಮನೆಯವರೆಲ್ಲ ಅದರಲ್ಲೇ ಮುಳುಗಿದ್ದೆವು. ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ತಿಪಟೂರಿಗೆ ಹೋದಾಗ ತಂದರಾಯಿತು ಎಂದು ಎಲ್ಲರೂ ಎಲ್ಲರ ಮೇಲೆ ಬಿಟ್ಟಿದ್ದೆವು. ಆವತ್ತು ಕೆಲಸ ಬೇಗ ಮುಗಿಯಲಿ ಎಂದು ಅವಳನ್ನು ನಸುಕಿಗೇ ಎಬ್ಬಿಸಿದವಳು ನಾನು. ಹೊಟ್ಟೆಗೂ ಸರಿಯಾಗಿ ಹಾಕಿರಲಿಲ್ಲ. ಅಪ್ಪ ಅಣ್ಣ ತೋಟಕ್ಕೆ ಹೋಗಿದ್ದರು. ಅಂಗಳದಲ್ಲಿ ಅವ್ವ, ನಾನು, ಅವಳು ಮೂವರೇ ಚಿಪ್ಪು ಬಿಡಿಸುತ್ತಾ ಕೂತಿದ್ದೆವು.

ಅವಳು ತನ್ನ ಮಚ್ಚನ್ನು ಪಕ್ಕಕ್ಕಿಟ್ಟು ನೀರು ಕುಡಿಯಲು ಎದ್ದಳು. ಕುಡಿದು ಬಂದವಳು ಕೂರುವ ಮೊದಲೇ ಆ ಕೂಗು ಬಂತು. ಚಿಪ್ಪಿನ ರಾಶಿಯ ಪಕ್ಕಕ್ಕೆ ಬಿದ್ದಳು. ಅವ್ವ ಹಾರಿ ಹೋಗಿ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಅದುಮಿ ಹಿಡಿದಳು. ಅವ್ವನ ಎರಡು ಕೈಯೂ ಅಲ್ಲೇ ಸಿಕ್ಕಿಬಿದ್ದವು. ಅದಕ್ಕೇ ನನ್ನತ್ತ ಕೂಗಿದಳು.

"ಕಬ್ಬಿಣ ಕೊಡೇ ಕೈಗೆ!"

ನನ್ನ ಕೈಯಲ್ಲೇ ಮಚ್ಚಿತ್ತು. ನಾನು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ, ಯಾಕೆಂದರೆ ಗಾಬರಿಯಲ್ಲಿ ಏನೋ ಆಗಿಹೋಯಿತು ಎಂದು ಹೇಳಿಕೊಂಡು ನಾನು ತಪ್ಪಿಸಿಕೊಳ್ಳಬಾರದು. ಮೊದಲು ಮಚ್ಚಿನ ಹಿಡಿಯನ್ನೇ ಅವಳ ಅಂಗೈಗೆ ಇಡಲು ಹೋದೆ. ಹಿಡಿ ಮರದ್ದು. ಮರ ಹಿಡಿದರೆ ಏನು ಬಂತು, ಕಬ್ಬಿಣವೇ ತಾಗಬೇಕಲ್ಲ ಎಂದು ಹೊಳೆಯಿತು. ಬಹಳ ಬುದ್ಧಿವಂತೆ ನಾನು. ಹಿಡಿಯನ್ನು ನಾನೇ ಹಿಡಿದುಕೊಂಡು, ಮಚ್ಚಿನ ಮೊಂಡು ಬೆನ್ನು ಅಂಗೈಗೆ ಬರುವಂತೆ ತಿರುಗಿಸಿ, ಅವಳ ಬೆರಳನ್ನು ಅದರ ಸುತ್ತ ಮಡಿಸಿದೆ. ಮಚ್ಚಿನ ಹರಿತವಾದ ಬಾಯಿ ಇರುವ ಕಡೆ ಬೆರಳುಗಳು ಬಂದವು ಎಂಬುದು ತಲೆಗೆ ಹೋಗಲೇ ಇಲ್ಲ. ಮರುಕ್ಷಣ ಅವಳ ಮುಷ್ಟಿ ಬಿಗಿಯಿತು. ಕೈ ಜಾಡಿಸುತ್ತಿತ್ತು, ಜಾಡಿಸಿದಷ್ಟೂ ಮುಷ್ಟಿ ಬಿಗಿಯುತ್ತಿತ್ತು. ನಾನು ಹಿಡಿಯನ್ನು ಎಳೆದೆ. ಅದೂ ತಪ್ಪೇ, ಎಳೆದಾಗ ಇನ್ನೂ ಆಳಕ್ಕೆ ಕೊಯ್ದಿತು. ಫಿಟ್ಸು ಆವತ್ತೂ ಎರಡು ನಿಮಿಷಕ್ಕೆ ನಿಂತಿತು. ಬಿಟ್ಟಿದ್ದರೆ ಅವಳು ಎದ್ದು ಬಾಯಿ ತೊಳೆದುಕೊಂಡು ಮಲಗುತ್ತಿದ್ದಳು, ಸಂಜೆಗೆ ಎಲ್ಲ ಸರಿಹೋಗುತ್ತಿತ್ತು.

ಅಣ್ಣ ತೋಟದಿಂದ ಓಡಿಬಂದ. ಯಾರದೋ ಮೆಟಡೋರ್ ಹಿಡಿದು ತುರುವೇಕೆರೆಗೆ ಕರೆದುಕೊಂಡು ಹೋದೆವು. ಹೊಲಿಗೆ ಹಾಕಿದರು. ಬೆರಳು ಆಡಿಸುವ ನರ ತುಂಡಾಗಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಹೊಲಿಗೆ ಬಿಚ್ಚಲಿ ನೋಡೋಣ ಎಂದು ನಾವು ಕಾದೆವು. ಹೋಗುವ ಹೊತ್ತಿಗೆ ತಡವಾಗಿತ್ತು. ನಡುಬೆರಳು, ಉಂಗುರದ ಬೆರಳು ಎರಡೂ ನೆಟ್ಟಗೆ ಹಾಗೇ ನಿಂತವು.

ಆದರೆ ನಾನು ಮಾಡಿದ ದೊಡ್ಡ ತಪ್ಪು ಇದಲ್ಲ. ಆವತ್ತು ಮಧ್ಯಾಹ್ನ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಪೂರ್ತಿ ಎಚ್ಚರವಾಗಿ, ಕೈಗೆ ಕಟ್ಟಿದ ಬಟ್ಟೆ ನೋಡಿ, ಇದೇನಕ್ಕ ಎಂದು ಕೇಳಿದಳು. ಅವ್ವ ಅವಳ ಕಾಲ ಬಳಿ ಕೂತಿದ್ದಳು. ಅವ್ವ ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ.

"ನೀನೇ ಕಣೇ. ಬಿದ್ದೋಳು ಪಕ್ಕದಲ್ಲಿದ್ದ ಮಚ್ಚಿಗೆ ಕೈ ಹಾಕ್ಬುಟ್ಟೆ. ಬಿಡಿಸೋಕೆ ಹೋದ್ರೆ ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ."

ಅವ್ವ ನನ್ನ ಮುಖವನ್ನು ಒಂದು ಸಲ ನೋಡಿದಳು. ತಲೆ ತಗ್ಗಿಸಿ ಸೆರಗಿನ ರಕ್ತದ ಕಲೆಯನ್ನು ಉಜ್ಜುತ್ತಾ ಕೂತಳು. ಮದುವೆಯ ಹುಡುಗಿ ತಂಗಿಯ ಕೈ ಕೊಯ್ದಳು ಎಂದು ಊರು ಆಡಿಕೊಂಡರೆ ಎಂಬ ಭಯ ಅವ್ವನಿಗಿತ್ತೋ ಏನೋ. ನನಗಿದ್ದ ಭಯ ಅದಲ್ಲ. ಅಪ್ಪ ಬೈಯುತ್ತಾನೆ ಎಂಬ ಮಕ್ಕಳ ಭಯ, ಅಷ್ಟೇ. ಅಷ್ಟಕ್ಕೆ ಆ ಮಾತು ಆಡಿದೆ. ಒಂದು ವಾರ ಬಿಟ್ಟು ಹೇಳೋಣ ಎಂದುಕೊಂಡೆ, ಮದುವೆ ಆಗಲಿ ಎಂದುಕೊಂಡೆ. ಆಮೇಲೆ ನಾನು ಗಂಡನ ಮನೆಗೆ ಹೋದೆ.

ಆ ಮಾತು ಅವಳೊಳಗೆ ಏನು ಮಾಡಿತು ಎಂದು ನನಗೆ ಗೊತ್ತಾದದ್ದು ಬಾಣಂತನಕ್ಕೆ ತವರಿಗೆ ಬಂದಾಗ. ಆ ಹೊತ್ತಿಗೆ ಅವಳು ಮಾತ್ರೆಯನ್ನು ಒಂದು ದಿನವೂ ಬಿಡುತ್ತಿರಲಿಲ್ಲ. ಕೈ ಹೋದಮೇಲೆ ಬಂದ ಬುದ್ಧಿ ನಮ್ಮದು. ಫಿಟ್ಸು ಬಂದು ಎರಡು ವರ್ಷವಾಗುತ್ತಾ ಬಂದಿತ್ತು. ಮಗಳಿಗೆ ನೀರೆರೆದು, ಬಟ್ಟೆ ಸುತ್ತಿ, ಸ್ವಲ್ಪ ಹಿಡಿದುಕೊಳ್ಳೇ ಎಂದು ಅವಳತ್ತ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಕಣಕ್ಕ. ನನ್ ಕೈ ನನ್ ಮಾತು ಕೇಳಲ್ಲ."

ಆಮೇಲೆ ನೋಡನೋಡುತ್ತಾ ಎಲ್ಲ ಅರ್ಥವಾಯಿತು. ಅವಳು ಅಕ್ಕಪಕ್ಕದ ಮನೆಯ ಮಕ್ಕಳನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಮಕ್ಕಳು ಅಡುಗೆಮನೆಗೆ ಬಂದರೆ ಈಳಿಗೆಮಣೆ ಬಿಟ್ಟು ಏಳುತ್ತಿದ್ದಳು. ಮೈಮೇಲೆ ಪ್ರಜ್ಞೆಯಿಲ್ಲದಾಗ ತನ್ನ ಕೈ ತಾನಾಗಿ ಹೋಗಿ ಆಯುಧ ಹಿಡಿಯುತ್ತದೆ, ಬಿಡಿಸಲು ಬಂದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ ಎಂದು ಅವಳು ನಂಬಿದ್ದಳು. ಅವಳಿಗೆ ನೆನಪಿಲ್ಲದ ಆ ಎರಡು ನಿಮಿಷವನ್ನು ನಾನು ನನ್ನ ಮಾತಿನಿಂದ ತುಂಬಿಸಿಬಿಟ್ಟಿದ್ದೆ.

ಆವತ್ತು ಸಂಜೆ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, ಅವಳು ಕೇಳಿಸಿಕೊಳ್ಳದಷ್ಟು ಸಣ್ಣಗೆ, ಅವಳಿಗೆ ಹೇಳಿಬಿಡು ಎಂದಳು. ನಾನು ಹೇಳುವುದಿಲ್ಲ, ನೀನು ಹೇಳಬೇಕಾದ್ದು ಎಂದಳು. ಹೂಂ ಎಂದೆ. ಮೂರು ತಿಂಗಳು ಅಲ್ಲೇ ಇದ್ದೆ, ದಿನಾ ಅವಳ ಪಕ್ಕದಲ್ಲಿ ಕೂತು ಉಂಡೆ, ಹೇಳಲಿಲ್ಲ. ಊರ ಜಗಳಕ್ಕೆಲ್ಲ ಸೊಂಟ ಕಟ್ಟಿ ಹೋಗುವ ನನ್ನ ಬಾಯಿ ಅದೊಂದು ಮಾತಿಗೆ ಮಾತ್ರ ಒಣಗುತ್ತಿತ್ತು.

ಮಗಳಿಗೆ ಮೂರು ತುಂಬಿದಾಗ ನನಗೆ ಗಂಡನ ಊರಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಚಿಕ್ಕನಾಯಕನಹಳ್ಳಿಯಲ್ಲಿ ಟ್ರೈನಿಂಗ್ ಇತ್ತು. ಒಂದು ಮಧ್ಯಾಹ್ನ ಒಬ್ಬ ಲೇಡಿ ಡಾಕ್ಟರು ಬಂದು, ಮಕ್ಕಳಿಗೆ ಫಿಟ್ಸು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಮೂವತ್ತು ಜನ ಇದ್ದೆವು. ಕಬ್ಬಿಣ, ಈರುಳ್ಳಿ, ಚಪ್ಪಲಿ, ಎಲ್ಲ ಬಂತು. ಅವರು ನಗಲಿಲ್ಲ. ಒಂದೊಂದಕ್ಕೂ ಉತ್ತರ ಹೇಳಿದರು. ಕೈಗೆ ಏನೂ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತ ಇರುವ ಚೂಪು ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಿ, ಕುತ್ತಿಗೆಯ ಗುಂಡಿ ಬಿಚ್ಚಿ, ನೊರೆ ಹೊರಗೆ ಹೋಗುವಂತೆ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಆಸ್ಪತ್ರೆಗೆ ಓಡಿ. ಸುಮ್ಮನೆ ಕಣ್ಣು ನೆಟ್ಟು ನಿಲ್ಲುವ ಮಕ್ಕಳನ್ನೂ ಗದರಿಸದೆ ಡಾಕ್ಟರಿಗೆ ತೋರಿಸಿ, ಅದೂ ಫಿಟ್ಸೇ ಇರಬಹುದು ಎಂದರು. ನಾನು ಕುಟ್ಟಿದ ಪೆಟ್ಟುಗಳು ನನ್ನ ಬೆರಳಿಗೆ ಬಂದು ಕೂತವು.

ನಾನು ಎದ್ದು ನಿಂತು ವಾದ ಮಾಡಿದೆ. ನಾವು ಕಣ್ಣಾರೆ ಕಂಡಿದ್ದೇವೆ ಮೇಡಂ, ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದೆ. ಕೊಡದಿದ್ದರೂ ಅಷ್ಟೇ ಹೊತ್ತಿಗೆ ನಿಲ್ಲುತ್ತದಮ್ಮ ಎಂದರು. ಕೈ ತಾನಾಗಿ ಏನನ್ನೂ ಹುಡುಕಿಕೊಂಡು ಹೋಗುವುದಿಲ್ಲ, ನೀವು ಏನು ಕೊಡುತ್ತೀರೋ ಅದರ ಮೇಲೆ ಬಿಗಿಯುತ್ತದೆ ಅಷ್ಟೇ ಎಂದರು. ನಾನು ಕೂತೆ. ಎಲ್ಲರೂ ಹೋದಮೇಲೆ ಅವರ ಹಿಂದೆ ಬಾಗಿಲವರೆಗೆ ಹೋಗಿ, ಇಂಥ ಹೆಣ್ಣುಮಗಳು ಮದುವೆಯಾಗಬಹುದಾ, ಮಗು ಎತ್ತಿಕೊಳ್ಳಬಹುದಾ ಎಂದು ಕೇಳಿದೆ. ಮಾತ್ರೆ ತಪ್ಪದೆ ನುಂಗಿ ವರ್ಷಗಟ್ಟಲೆ ಬಾರದಿದ್ದರೆ ಯಾಕಾಗಬಾರದು ಎಂದರು. ಬಸುರಿಯಾಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತ್ರೆಯ ವಿಚಾರ ಮಾತಾಡಬೇಕು. ಮಗುವಿಗೆ ನೆಲದ ಮೇಲೆ ಕೂತು ಹಾಲು ಕೊಡಲಿ, ಒಬ್ಬಳೇ ಇದ್ದಾಗ ನೀರು ಹಾಕುವುದು ಬೇಡ, ಅಷ್ಟು ಜಾಗ್ರತೆ ಇದ್ದರೆ ಸಾಕು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದವರು ಯಾರಿಗೇನಾಯ್ತು ಎಂದು ಕೇಳಿದರು, ಹಲ್ಲುನೋವು ಎಂದೆ.

ಆಮೇಲೆ ನಮ್ಮ ಊರಿನಲ್ಲಿ ಒಂದು ಮನೆ ಬಿಡದೆ ಹೇಳಿದೆ. ಸುತ್ತಿನ ಕುರಿಗಾಹಿಗಳ ಹಟ್ಟಿಗಳಿಗೂ ಹೋಗಿ ಹೇಳಿದೆ. ಕಬ್ಬಿಣ ಕೊಟ್ಟೀರಿ ಜೋಕೆ ಎಂದು ಮುದುಕಿಯರ ಹತ್ತಿರ ಜಗಳವಾಡಿದೆ. ಫಿಟ್ಸಿನ ಮೇಡಂ ಎಂದು ಹೆಸರೂ ಬಿತ್ತು. ತವರಿಗೆ ಹೋದಾಗ ಮಾತ್ರ ಆ ಮಾತು ತೆಗೆಯುತ್ತಿರಲಿಲ್ಲ. ಅವಳಿಗೆ ಇದನ್ನು ಹೇಳಬೇಕಾದರೆ ಅದನ್ನೂ ಹೇಳಬೇಕಾಗುತ್ತಿತ್ತು.

ಅದಾಗಿ ಎರಡು ವರ್ಷಕ್ಕೆ ಅವಳಿಗೆ ಒಂದು ಗಂಡು ಬಂತು. ಅರಳಗುಪ್ಪೆ ಕಡೆಯವನು, ಟೈಲರ್. ಫಿಟ್ಸಿನ ವಿಷಯ ಮುಚ್ಚಿಡದೆ ಹೇಳಿದ್ದೆವು. ಅವನ ಅಕ್ಕನಿಗೂ ಇತ್ತಂತೆ, ಮಾತ್ರೆ ನುಂಗಿಕೊಂಡು ಎರಡು ಮಕ್ಕಳನ್ನು ಸಾಕಿದ್ದಾಳಂತೆ. ಕೈ ನೋಡಿಯೂ, ಗುಂಡಿಯ ಕಾಜಾ ಹೊಲಿಯಲು ಎಡಗೈ ಸಾಕು ಎಂದು ನಕ್ಕನಂತೆ. ಅವಳು ಅವನನ್ನು ನೋಡಿದ ರೀತಿ ಕಂಡು ಅವ್ವ ಖುಷಿಪಟ್ಟಿದ್ದಳು. ಎರಡು ದಿನ ಬಿಟ್ಟು ತಂಗಿ ಬೇಡ ಎಂದಳು. ಅಣ್ಣ ನನಗೆ ಹೇಳಿಕಳಿಸಿದ. ನೀನು ಹೇಳಿದರೆ ಕೇಳುತ್ತಾಳೆ, ಬಂದು ಒಪ್ಪಿಸು ಎಂದ.

ಹೋದೆ. ಕಣದ ಕಲ್ಲಿನ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದೆ, ಬೈದೆ, ಗೋಗರೆದೆ. ಅವಳು ಕೇಳಿಸಿಕೊಂಡು ಕೂತಿದ್ದು ಒಂದೇ ಮಾತು ಹೇಳಿದಳು.

"ನಾಳೆ ಒಂದು ಮಗು ಆಯ್ತದೆ ಕಣಕ್ಕ. ಈ ಕೈಲಿ ಅದಕ್ಕೇನಾದ್ರೂ ಮಾಡ್ಬುಟ್ರೆ?"

ಅದಕ್ಕಿದ್ದ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು. ಡಾಕ್ಟರು ಮಗು ಎತ್ತಿಕೊಳ್ಳಬಹುದು ಎಂದಿದ್ದಾರೆ ಎಂದು ಹೇಳಿದೆ. ನೆಲದ ಮೇಲೆ ಕೂತು ಹಾಲು ಕೊಡಬಹುದಂತೆ ಎಂದೆ. ಆ ಡಾಕ್ಟರಿಗೆ ನನ್ನ ಕೈ ಕತೆ ಗೊತ್ತಾ ಎಂದು ಕೇಳಿದಳು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಮುಂದಿನ ವರ್ಷ ಆ ಟೈಲರನಿಗೆ ಬೇರೆ ಕಡೆ ಮದುವೆಯಾಯಿತು. ಅದಾದ ಮೂರು ವರ್ಷಕ್ಕೆ ಅವ್ವ ಹೋದಳು. ಕೊನೆಯ ದಿನಗಳಲ್ಲಿ ಅವ್ವ ನನ್ನ ಮುಖ ನೋಡಿದಾಗಲೆಲ್ಲ ಏನು ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಅವಳು ಬಾಯಿಬಿಟ್ಟು ಕೇಳಲಿಲ್ಲ, ನಾನೂ ಉತ್ತರ ಕೊಡಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಕಳೆದಿತ್ತು. ಬೇಸಿಗೆಯಲ್ಲಿ ನಾಲ್ಕು ದಿನ ಇರೋಣವೆಂದು ತವರಿಗೆ ಹೋಗಿದ್ದೆ. ಮನೆ ಅಣ್ಣ ಅತ್ತಿಗೆಯದು, ತಂಗಿ ಅಲ್ಲೇ ಇದ್ದಳು, ಹಸುಗಳು ಅವಳ ಪಾಲು. ಒಂದು ಬೆಳಿಗ್ಗೆ ಕಾಯಿ ಸುಲಿಯಲು ಮೂರು ಜನ ಗಂಡಸರು ಬಂದಿದ್ದರು. ಅಂಗಳದಲ್ಲಿ ಸುಲಿಯುವ ಹಾರೆ ನೆಟ್ಟು ಕೆಲಸ ಹಿಡಿದಿದ್ದರು. ಅವರಲ್ಲಿ ಒಬ್ಬ, ಮೂವತ್ತರ ಆಸುಪಾಸಿನವನು, ಇದ್ದಕ್ಕಿದ್ದ ಹಾಗೆ ಕೂಗಿ ಬಿದ್ದ. ಆ ಕೂಗನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅತ್ತಿಗೆ ಬೀಗದ ಕೈ ತರಲು ಓಡಿದಳು. ಅವನ ಜೊತೆಯವನು ಕಾಲು ಹಿಡಿದು ಅದುಮಲು ಹೋದ.

ನಾನು ನುಗ್ಗಿದೆ. ಕಾಲು ಬಿಡಲು ಹೇಳಿದೆ. ಹಾರೆ ಕೀಳಿಸಿ, ಮಚ್ಚುಗಳನ್ನೆಲ್ಲ ಗೋಡೆಯ ಆಚೆಗೆ ಹಾಕಿಸಿದೆ. ಅವನ ಟವಲ್ಲನ್ನೇ ಮಡಿಸಿ ತಲೆಯಡಿ ಇಟ್ಟು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡುತ್ತಾ ಕೂತೆ. ಅತ್ತಿಗೆ ಗೊಂಚಲು ಹಿಡಿದು ಬಂದಾಗ ಅಂಗನವಾಡಿಯ ದನಿ ತಾನಾಗಿ ಹೊರಟುಬಿಟ್ಟಿತು. ಕೈಗೆ ಏನೂ ಕೊಡಬೇಡಿ, ಕೈ ತಾನಾಗಿ ಹೋಗಿ ಏನನ್ನೂ ಹಿಡಿಯುವುದಿಲ್ಲ, ನಾವು ಕೊಟ್ಟಿದ್ದರ ಮೇಲೆ ಬಿಗಿಯುತ್ತದೆ, ಹರಿತದ್ದು ಕೊಟ್ಟರೆ ಬೆರಳೇ ಹೋಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಾ ತಲೆ ಎತ್ತಿದೆ. ತಂಗಿ ಕೊಟ್ಟಿಗೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು.

ಎರಡೂವರೆ ನಿಮಿಷಕ್ಕೆ ಅವನಿಗೆ ನಿಂತಿತು. ಅರ್ಧ ಗಂಟೆ ಮಲಗಿ ಎದ್ದು, ನಾಚಿಕೊಂಡು, ಕಾಫಿ ಕುಡಿದು, ಜೊತೆಯವನ ಸೈಕಲ್ಲಿನ ಹಿಂದೆ ಕೂತು ಹೋದ. ನಾಳೆಯೇ ಡಾಕ್ಟರಿಗೆ ತೋರಿಸಬೇಕು ಎಂದು ಅವನಿಂದ ಆಣೆ ಮಾಡಿಸಿಕೊಂಡೆ. ಅಣ್ಣ ನನ್ನನ್ನು ಹೊಗಳಿದ. ನನ್ನ ಕಣ್ಣು ಕೊಟ್ಟಿಗೆಯ ಕಡೆಗೇ ಇತ್ತು.

ಮಧ್ಯಾಹ್ನ ಉಂಡಮೇಲೆ ಅವಳು ಹಸುಗಳಿಗೆ ನೀರು ಕುಡಿಸುತ್ತಿದ್ದಳು. ನಾನು ಹೋಗಿ ಗೋಡೆಗೆ ಒರಗಿ ನಿಂತೆ. ಅವಳು ಬಕೆಟ್ ಕೆಳಗಿಟ್ಟಳು.

"ಅವತ್ತು ನನ್ ಕೈಗೆ ಮಚ್ಚು ಕೊಟ್ಟೋರು ಯಾರಕ್ಕ?"

ಹದಿನೈದು ವರ್ಷ ಕಾದಿದ್ದ ಮಾತು ಕೊನೆಗೆ ಎದುರಿಗೆ ಬಂದು ನಿಂತಿತ್ತು. ಆಗಲೂ ನನ್ನ ಬಾಯಿಂದ ಏನು ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ. ಅವ್ವ ಎಂದೆ. ಸತ್ತು ಮಣ್ಣಾದ ಅವ್ವ. ನನ್ನ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಂಡೇ ಹೋದ ಅವ್ವ. ಕಬ್ಬಿಣ ಕೊಡು ಎಂದದ್ದು ಅವಳೇ ಅಲ್ಲವೇ, ಅದರಲ್ಲಿ ಅರ್ಧವಾದರೂ ನಿಜವಿದೆಯಲ್ಲ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಅವಳು ತಲೆ ಅಲ್ಲಾಡಿಸಿ, ಅವ್ವ ಆಗಿದ್ರೆ ಬೀಗದ ಕೈ ಕೊಡ್ತಿತ್ತು ಎಂದಳು. ದನಿಯಲ್ಲಿ ಕೋಪವಿರಲಿಲ್ಲ.

ನಾನೇ ಕಣೇ ಎಂದೆ. ಮರದ ಹಿಡಿ, ಮೊಂಡು ಬೆನ್ನು, ನಾನು ಎಳೆದದ್ದು, ಬೆಂಚಿನ ಮೇಲೆ ಆಡಿದ ಮಾತು, ಎಲ್ಲ ಹೇಳಿದೆ. ಬಿಕ್ಕಿ ಬಿಕ್ಕಿ ಅಳುತ್ತಾ ಹೇಳಿದೆ. ಅವಳು ಅಳಲಿಲ್ಲ. ತನ್ನ ಬಲಗೈಯನ್ನು ಮುಂದೆ ಹಿಡಿದು, ಮಗುಚಿ ಹಾಕಿ, ಅಂಗೈ ಮೇಲೆ ಮಾಡಿ, ಮೊದಲ ಸಲ ಕಂಡವಳಂತೆ ನೋಡಿದಳು.

"ಹಂಗಾದ್ರೆ ನನ್ ಕೈ ಏನೂ ಮಾಡಿರ್ಲಿಲ್ಲ."

ಇಲ್ಲ ಎಂದೆ. ಇನ್ನೊಂದು ಸಲವೂ ಇಲ್ಲ ಎಂದೆ.

ಹಸು ಬಕೆಟ್ಟನ್ನು ಮೂತಿಯಿಂದ ತಳ್ಳಿತು. ಅವಳು ಅದನ್ನು ನೆಟ್ಟಗೆ ಮಾಡಿ, ಬೆಳಿಗ್ಗೆ ಹೇಳಿದೆಯಲ್ಲ, ಕೈ ತಾನಾಗಿ ಏನೂ ಹಿಡಿಯಲ್ಲ ಎಂದು, ಅದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದಳು. ಟ್ರೈನಿಂಗಿನಲ್ಲಿ ಎಂದೆ. ಯಾವಾಗ ಎಂದಳು. ಮಗಳಿಗೆ ಮೂರು ವರ್ಷವಾಗಿತ್ತು ಎಂದೆ. ಹೇಳಿದ ಮೇಲೆ ಅವಳು ಯಾಕೆ ಕೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಅವಳು ಮನಸ್ಸಿನಲ್ಲೇ ವರ್ಷ ಕೂಡಿಸುತ್ತಿದ್ದಳು.

"ಆ ಟೈಲರ್ ಕಡೆಯೋರು ಬಂದಾಗ ನಿನ್ ಮಗಳು ಸ್ಕೂಲಿಗೆ ಹೋಯ್ತಿತ್ತು ಕಣಕ್ಕ" ಎಂದಳು.

ನಾನು ಹೂಂ ಎಂದೆ.